ಸುಸ್ಥಿರ ಅಭಿವೃದ್ಧಿ ಕಲಿಸಬೇಕಾ? ಮೊದಲು ಹಾಡು ಓದಿ, ಆಮೇಲೆ ಕೆರೆಗೆ ಹೋಗಿ

‘ಸುಸ್ಥಿರ ಅಭಿವೃದ್ಧಿ’ ಅಂತ ಬೋರ್ಡಿನ ಮೇಲೆ ಬರೆದು ಒಂಬತ್ತನೇ ಕ್ಲಾಸಿನ ಮಕ್ಕಳ ಮುಖ ನೋಡಿ. ಪೆನ್ನು ತೆಗೆಯುತ್ತಾರೆ, ಬರೆದುಕೊಳ್ಳುತ್ತಾರೆ, ಅಷ್ಟೇ. ಮುಂದಿನವರಿಗೂ ಉಳಿಯುವ ಹಾಗೆ ಇವತ್ತಿನ ಬದುಕು ನಡೆಸುವುದು ಅಂತ ಅದರ ಅರ್ಥ. ಅದಕ್ಕಾಗಿ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳು, 2030ರೊಳಗೆ ಮುಟ್ಟಬೇಕು, ನಾಲ್ಕನೆಯದು ಗುಣಮಟ್ಟದ ಶಿಕ್ಷಣ, ಆರನೆಯದು ಶುದ್ಧ ನೀರು. ಇದನ್ನೆಲ್ಲ ಬಾಯಿಪಾಠ ಮಾಡಿಸಬಹುದು, ನಾನೂ ಮಾಡಿಸಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಕೇಳಿದರೆ ಒಬ್ಬರಿಗೂ ನೆನಪಿರಲಿಲ್ಲ. ಈಗ ಕ್ರಮ ತಿರುಗಿಸಿದ್ದೇನೆ. ಮೊದಲು ಸಾಹಿತ್ಯ, ಆಮೇಲೆ ಊರು, ಗುರಿಯ ಹೆಸರು ಕಟ್ಟಕಡೆಗೆ. ನಾಲ್ಕೈದು ಪೀರಿಯಡ್ ಸಾಕು. ಮಾಡಿ ನೋಡಿ.

ಓದಿಸುವುದನ್ನು ಆರಿಸುವಾಗ ಒಂದೇ ಮಾತು ನೆನಪಿಡಿ. ‘ಗಿಡ ಬೆಳೆಸಿ, ನೀರು ಉಳಿಸಿ’ ಅಂತ ನೇರವಾಗಿ ಹೇಳುವ ಪದ್ಯ ಬೇಡ. ಅದರಲ್ಲಿ ಉತ್ತರ ಮೊದಲೇ ಇರುತ್ತದೆ, ಮಕ್ಕಳಿಗೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮನಸ್ಸಿಗೆ ಚುಚ್ಚುವಂಥದ್ದು ಹುಡುಕಿ. ನಾನು ಹಿಡಿದದ್ದು ಜನಪದ ಕಥನಗೀತೆ ‘ಕೆರೆಗೆ ಹಾರ’. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕು ಅಂತ ಬರುತ್ತದೆ. ಹಿರಿಯವಳನ್ನು ಬಿಟ್ಟು ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಅವಳು ತವರಿಗೆ ಹೋಗಿ ಅಳುತ್ತಾಳೆ, ಆದರೆ ಹೆತ್ತ ಅಪ್ಪನಿಗೂ ನಿಜ ಹೇಳುವುದಿಲ್ಲ.

ಮೊದಲ ಪೀರಿಯಡ್ ಪೂರ್ತಿ ಓದುವುದಕ್ಕೇ ಇಡಿ. ಅರ್ಥ ಹೇಳುತ್ತಾ ನಿಲ್ಲಿಸಬೇಡಿ. ನಾನು ಕೋಲಾರದ ಕಡೆಯವನು, ನಮ್ಮಲ್ಲಿ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಜಾಸ್ತಿ. ಹಾಡಿನಲ್ಲಿರುವ ಉತ್ತರ ಕರ್ನಾಟಕದ ಮಾತು ಅವರಿಗೆ ಹೊಸದು, ಆದರೂ ಗಟ್ಟಿಯಾಗಿ ಓದಿದರೆ ಅರ್ಧ ತಾನೇ ತಿಳಿಯುತ್ತದೆ. ಬಾಕಿ ಏಳೆಂಟು ಪದ ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ. ಭಾಗೀರಥಿ ಒಂದೊಂದೇ ಮೆಟ್ಟಿಲು ಏರುತ್ತಾಳೆ, ನೀರೂ ಪಾದದಿಂದ ಹಾಗೇ ಮೇಲೇರುತ್ತಾ ಬರುತ್ತದೆ. ಆ ಜಾಗ ಬಂದಾಗ ನಿಧಾನ ಮಾಡಿ. ಕ್ಲಾಸು ಸುಮ್ಮನಾಗುತ್ತದೆ. ನೀವೂ ಸುಮ್ನೆ ಇರಿ. ‘ಇದರ ನೀತಿ ಏನು?’ ಅಂತ ಮಾತ್ರ ಕೇಳಬೇಡಿ, ಅಲ್ಲಿಗೆ ಎಲ್ಲ ಕೆಟ್ಟಿತು.

ಎರಡನೇ ಪೀರಿಯಡ್ ಮಕ್ಕಳದ್ದು. ಪ್ರತಿಯೊಬ್ಬರೂ ಒಂದು ಪ್ರಶ್ನೆ ಬರೆಯಲಿ, ಉತ್ತರ ಬೇಡ. ನನ್ನ ಕ್ಲಾಸಿನಲ್ಲಿ ಬಂದವು: ಗೌಡನೇ ಯಾಕೆ ಹಾರ ಆಗಲಿಲ್ಲ? ಅಪ್ಪನಿಗೆ ಹೇಳಿದ್ದರೆ ಉಳಿಯುತ್ತಿದ್ದಳಾ? ಸಾರ್, ಕೆರೆ ಕಟ್ಟಿದ ಜಾಗವೇ ತಪ್ಪಿರಬಹುದಲ್ವಾ? ಆ ಮೂರನೆಯದನ್ನು ಕೇಳಿದವಳು ವರ್ಷವಿಡೀ ಬಾಯಿ ಬಿಡದ ಹುಡುಗಿ. ನೀರು ಬರದೇ ಇದ್ದಿದ್ದಕ್ಕೆ ಬೇರೆ ಕಾರಣ ಇರಬಹುದು ಅಂತ ಅವಳಿಗೆ ಹೊಳೆದಿತ್ತು. ಗುಣಮಟ್ಟದ ಶಿಕ್ಷಣ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಆ ಪ್ರಶ್ನೆಯನ್ನೇ ತೋರಿಸುತ್ತೇನೆ.

ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಮೂರು ಸಾಲು ಮಾಡಿ. ಹಾಡಿನಲ್ಲೇ ಉತ್ತರ ಸಿಗುವವು, ಊರಿನ ಹಿರಿಯರನ್ನು ಕೇಳಬೇಕಾದವು, ಕೆರೆಗೇ ಹೋಗಿ ನೋಡಬೇಕಾದವು.

ಈಗ ಕೆರೆಗೆ ಹೊರಡಿ. ಮುಖ್ಯೋಪಾಧ್ಯಾಯರ ಅನುಮತಿ, ಪೋಷಕರ ಒಪ್ಪಿಗೆ, ಜೊತೆಗೆ ಇನ್ನೊಬ್ಬ ಶಿಕ್ಷಕರು, ಇಷ್ಟು ಬೇಕೇ ಬೇಕು. ಮಣ್ಣು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ, ಹಾಗಾಗಿ ಯಾರೂ ನೀರಿಗೆ ಇಳಿಯಬಾರದು. ಏರಿಯ ಮೇಲೆ ನಿಲ್ಲಿಸಿ ಒಂದೊಂದೇ ತೋರಿಸಿ. ಗದ್ದೆಗೆ ನೀರು ಬಿಡುವ ತೂಬು ಎಲ್ಲಿದೆ, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಎಲ್ಲಿದೆ, ಕೆರೆಗೆ ನೀರು ತರುವ ಕಾಲುವೆ ಯಾವ ಕಡೆಯಿಂದ ಬರುತ್ತದೆ, ಕೆರೆಯ ನೀರು ಹಾಯುವ ಅಚ್ಚುಕಟ್ಟಿನಲ್ಲಿ ಏನು ಬೆಳೆದಿದ್ದಾರೆ. ಮಕ್ಕಳು ನಕ್ಷೆ ಬರೆಯಲಿ. ಎಷ್ಟೋ ಕಡೆ ಕಾಲುವೆ ಮೇಲೆ ಮನೆಯೋ ತೋಟವೋ ಬಂದಿರುತ್ತದೆ, ನಕ್ಷೆಯಲ್ಲಿ ಗೆರೆ ಅಲ್ಲಿಗೇ ನಿಲ್ಲುತ್ತದೆ. ಮಳೆ ಬಂದರೂ ಕೆರೆ ಯಾಕೆ ತುಂಬುತ್ತಿಲ್ಲ ಅನ್ನುವುದು ಆಗ ಅವರಿಗೇ ಕಾಣುತ್ತದೆ.

ಸಾಧ್ಯವಾದರೆ ಹಿಂದೆ ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದವರೊಬ್ಬರನ್ನು ಕರೆಯಿರಿ. ನಮ್ಮ ಜೊತೆ ಬಂದ ತಾತ ತೂಬಿನ ಕಲ್ಲಿನ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದರು. ಯಾರ ಗದ್ದೆಗೆ ಮೊದಲು ನೀರು, ಕಡಿಮೆ ಇದ್ದ ವರ್ಷ ಹೇಗೆ ಹಂಚುತ್ತಿದ್ದರು, ಬೇಸಿಗೆಯಲ್ಲಿ ಹೂಳು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೇಗೆ ಹೊಡೆಯುತ್ತಿದ್ದರು, ಸುಗ್ಗಿಯಲ್ಲಿ ಅವರಪ್ಪನಿಗೆ ಎಷ್ಟು ರಾಗಿ ಬರುತ್ತಿತ್ತು. ಹೂಳು ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಸುಸ್ಥಿರ ಅನ್ನುವ ಪದಕ್ಕೆ ಅರ್ಥ ಹೇಳುವ ಕೆಲಸ ನನಗೆ ಉಳಿಯಲೇ ಇಲ್ಲ. ನಮ್ಮ ಜಿಲ್ಲೆಯವರಾದರೆ ಇನ್ನೊಂದನ್ನೂ ಚರ್ಚೆಗೆ ತನ್ನಿ. ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ. ಯಾರ ನೀರು, ಯಾರ ಕೆರೆ, ಅಂತರ್ಜಲಕ್ಕೆ ಏನಾಗುತ್ತದೆ ಅಂತ ಮಕ್ಕಳು ಚೆನ್ನಾಗಿ ಜಗಳ ಆಡುತ್ತಾರೆ, ಆಡಲಿ ಬಿಡಿ.

ವಾಪಸ್ ಬಂದ ಮೇಲೆ ಬರೆಸಿ. ಭಾಗೀರಥಿ ಅಪ್ಪನಿಗೆ ಹೇಳದೆ ಉಳಿಸಿಕೊಂಡ ಮಾತನ್ನು ಕಾಗದವಾಗಿ ಬರೆಯಲಿ, ಒಂದು ಪುಟ ಸಾಕು. ಅದಾದ ಮೇಲೆ 17 ಗುರಿಗಳ ಪಟ್ಟಿ ಗೋಡೆಗೆ ಅಂಟಿಸಿ, ಈ ಹಾಡು ಯಾವುದರ ಕೆಳಗೆ ಬರುತ್ತದೆ ಅಂತ ಕೇಳಿ. ಆರು ಅನ್ನುತ್ತಾರೆ, ನೀರು. ಐದು ಅನ್ನುತ್ತಾರೆ, ಲಿಂಗ ಸಮಾನತೆ. ಎರಡೂ ಸರಿ. ಮಾರ್ಕ್ಸ್ ಕೊಡುವುದಾದರೆ ಸರಿ ಉತ್ತರಕ್ಕೆ ಕೊಡಬೇಡಿ. ‘ಇದನ್ನು ಎಲ್ಲಿ ನೋಡಿದೆ, ಯಾರು ಹೇಳಿದರು?’ ಅಂತ ಕೇಳಿ, ಅದಕ್ಕೆ ಕೊಡಿ.

ಇನ್ನೂ ಸಮಯ ಇದ್ದರೆ ತೇಜಸ್ವಿಯವರ ‘ಕರ್ವಾಲೊ’ ಓದಿಸಿ. ವಿಜ್ಞಾನಿ ಕರ್ವಾಲೊಗೆ ಹಾರುವ ಓತಿ ಹುಡುಕಲು ಜೇನು ಹಿಡಿಯುವ ಮಂದಣ್ಣನ ಕಣ್ಣು ಬೇಕಾಗುತ್ತದೆ. ಓದಿದವರು ಯಾರು, ತಿಳಿದವರು ಯಾರು ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಕಾರಂತರ ‘ಚೋಮನ ದುಡಿ’ಯನ್ನೂ ತೆಗೆದುಕೊಳ್ಳಬಹುದು, 1933ರ ಕಾದಂಬರಿ, ಉಳುವುದಕ್ಕೆ ಸ್ವಂತ ತುಂಡು ನೆಲ ಬೇಕು ಅನ್ನುವ ದಲಿತನೊಬ್ಬನ ಕಥೆ. ಅಲ್ಲಿ ಮಾತ್ರ ತುಂಬಾ ಎಚ್ಚರ ಇರಲಿ. ಕ್ಲಾಸಿನಲ್ಲಿ ದಲಿತ ಮಕ್ಕಳಿದ್ದರೆ ‘ನಿಮ್ಮ ಮನೆಯಲ್ಲಿ ಹೇಗಿತ್ತು’ ಅಂತ ಎಲ್ಲರ ಮುಂದೆ ಯಾವತ್ತೂ ಕೇಳಬೇಡಿ.

ಮಕ್ಕಳ ನಕ್ಷೆಗಳನ್ನು ಬೀರುವಿನಲ್ಲಿ ಇಡಬೇಡಿ. ವರ್ಷಕ್ಕೊಮ್ಮೆ ಪಂಚಾಯತಿಯವರು ಮಕ್ಕಳ ಗ್ರಾಮಸಭೆ ನಡೆಸುತ್ತಾರೆ, ಅಲ್ಲಿಗೆ ಒಯ್ಯಿರಿ. ಓದಿ ಹೇಳುವುದು ಮಕ್ಕಳೇ, ನೀವು ಹಿಂದೆ ಕೂತುಕೊಳ್ಳಿ. ನಮ್ಮಲ್ಲಿ ನಕ್ಷೆ ಹಿಡಿದು ಎದ್ದು ನಿಂತವಳು ಆ ಮೂರನೇ ಪ್ರಶ್ನೆ ಕೇಳಿದ ಹುಡುಗಿಯೇ. ಗೆರೆ ನಿಂತ ಜಾಗದ ಮೇಲೆ ಬೆರಳಿಟ್ಟು, ‘ಇಲ್ಲಿಂದ ಮುಂದೆ ಕಾಲುವೆ ಎಲ್ಲಿ ಹೋಯಿತು ಸಾರ್?’ ಅಂತ ಕೇಳಿದಳು.