ರದ್ದಿಗೆ ಹೋಗ್ಬೇಕಿದ್ದ ಕ್ಯಾಲೆಂಡರ್‌ನಿಂದ ಮನೆ ಫೋಟೋಗಳಿಗೆಲ್ಲ ತಾರೀಖು ಹಾಕಿದ್ದು: ನನ್ನ ಅನುಭವ

ಊರು ಮಂಡ್ಯ, ಕೆಲ್ಸ ಟ್ರಾನ್ಸ್‌ಫರ್ ಕೆಲ್ಸ. ಮದುವೆ ಆದ್ಮೇಲೆ ರಾಯಚೂರು, ಬರೋಡ, ನಾಗಪುರ ಅಂತ ಸುತ್ತಿ 2011ರಲ್ಲಿ ಮೈಸೂರಿಗೆ ಬಂದು ಕುವೆಂಪುನಗರದಲ್ಲಿ ಸೆಟ್ಲ್ ಆದೋನು ನಾನು. ಅಷ್ಟರಲ್ಲಿ ಒಂಬತ್ತು ಬಾಡಿಗೆ ಮನೆ ಆಗಿತ್ತು. ಪ್ರತಿ ಮನೆಯಿಂದ ಪ್ರತಿ ಮನೆಗೂ ಒಂದು ಹಸಿರು ಟ್ರಂಕ್ ಬಂತು, ಅದ್ರಲ್ಲಿ ಅಂದಾಜು 2,800 ಪ್ರಿಂಟು, ಒಂದು ಶೂ ಡಬ್ಬ ತುಂಬ ನೆಗೆಟಿವ್, 11 ವಿಎಚ್‌ಎಸ್ ಕ್ಯಾಸೆಟ್ಟು, ನಲವತ್ತು ಚಿಲ್ಲರೆ ಆಡಿಯೋ ಕ್ಯಾಸೆಟ್ಟು. ಒಂದರ ಮೇಲೂ ತಾರೀಖಿಲ್ಲ. ಕೆಲವು ಫೋಟೋ ಮೂಲೇಲಿ ಕ್ಯಾಮೆರಾನೇ ಕೆಂಪಕ್ಷರದಲ್ಲಿ ತಾರೀಖು ಹೊಡೆದಿದೆ, ಆದ್ರೆ ಸೆಲ್ ಬದಲಾಯಿಸಿದ ಮೇಲೆ ಸೆಟ್ ಮಾಡ್ದೆ ಬಿಟ್ಟಿದ್ದಕ್ಕೆ ಅದ್ರ ಪ್ರಕಾರ ನನ್ನ ಮಗ ನಮ್ಮ ಮದುವೆಗಿಂತ ಐದು ವರ್ಷ ಮುಂಚೆ ಹುಟ್ಟಿದ್ದಾನೆ.

ಸ್ಕ್ಯಾನ್ ಮಾಡೋದು ಎಲ್ಲರಿಗೂ ಗೊತ್ತು, ಅದನ್ನ ಹೇಳಕ್ಕೆ ಬರ್ಲಿಲ್ಲ. ಸ್ಕ್ಯಾನ್ ಮಾಡಿದ ಮೇಲೆ ಫೋಲ್ಡರ್‌ನಲ್ಲಿ ಎರಡೂವರೆ ಸಾವಿರ ಫೈಲ್ ಹಿಂದು ಮುಂದು ಬಿದ್ದಿರುತ್ತಲ್ಲ, ಅದನ್ನ ಸಾಲಾಗಿ ಜೋಡಿಸೋದೇ ಕಷ್ಟ. ನಾನು ಜೋಡಿಸ್ತೀನಿ ಅಂದಾಗ ನನ್ನ ಭಾಮೈದ "ಭಾವ, ರಿಟೈರ್ ಆದ್ಮೇಲೆ ವಾಕಿಂಗ್ ಹೋಗಿ, ಇದೆಲ್ಲ ಯಾಕೆ" ಅಂದ. ಮಗಳು ಪುಟ್ಟಿಯಂತೂ ಫೋನ್‌ನಲ್ಲಿ ಹಾಕಿ ಅಪ್ಪ, ಅದೇ ಮುಖ ನೋಡಿ ಜೋಡಿಸುತ್ತೆ ಅಂದ್ಲು. ಹಾಕ್ದೆ. ಅದು ನನ್ನ ಮಗನನ್ನೂ ಭಾಮೈದನನ್ನೂ ಒಂದೇ ಆಳು ಮಾಡಿ, ಭಾಮೈದನ ಎಸ್ಸೆಸ್ಸೆಲ್ಸಿ ಫೋಟೋ ಮಗನ ಹೆಸರಲ್ಲಿ ಇಡ್ತು. ಅಲ್ಲಿಗೆ ಭಾಮೈದ ಸುಮ್ನಾದ.

ಆಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು. ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ದಿನಕ್ಕೆ ಐದೈದು ಫೋಟೋ ಹಾಕಿ "ಇದು ಯಾವಾಗ, ಎಲ್ಲಿ" ಅಂತ ಕೇಳ್ದೆ. ಒಂದು ಫೋಟೋಗೆ ನಾಲ್ಕು ಇಸ್ವಿ ಬಂತು, ಜೊತೆಗೆ ಅವತ್ತು ಊಟಕ್ಕೆ ಯಾರನ್ನ ಕರೀಲಿಲ್ಲ ಅನ್ನೋ ಹಳೇ ಲೆಕ್ಕಾನೂ ಬಂತು, ನನ್ನ ದೊಡ್ಡತ್ತಿಗೆ ಗ್ರೂಪ್ ಬಿಟ್ಟು ಹೋದ್ರು. ಜ್ಞಾಪಕ ಕೇಳ್ಬೇಡಿ ಕಣ್ರೀ. ಪ್ರತಿಯೊಬ್ಬರಿಗೂ ತಮಗೆ ಬೇಕಾದ ಇಸ್ವಿನೇ ನೆನಪಿರುತ್ತೆ.

ನನಗೆ ದಾರಿ ಸಿಕ್ಕಿದ್ದು ಹೆಂಡ್ತಿಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ಗಳಲ್ಲಿ. ಪ್ರತಿ ಡಿಸೆಂಬರ್‌ನಲ್ಲಿ ನಮ್ಮಾವ ಅದನ್ನ ಸುತ್ತಿ, ನಾವೆಲ್ಲಿದ್ರೂ ಅಲ್ಲಿಗೆ ಕಳಿಸೋರು, ಬರೋಡದಲ್ಲಿ ಏಕಾದಶಿ ಅಮಾವಾಸ್ಯೆ ನೋಡೋಕೆ ಅದೇ ಗತಿ. ಅಡಿಗೆಮನೆ ಬಾಗಿಲ ಹಿಂದೆ ನೇತಾಕಿ, ದಿನದ ಚೌಕದಲ್ಲಿ ಪೆನ್ಸಿಲ್‌ನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ್ರೆ "ಸಿ", ಕೆಲಸದವಳು ಬರ್ದಿದ್ರೆ ಇಂಟು ಗುರುತು. ಅದರ ಮಧ್ಯೆ ಮಕ್ಕಳ ವಿಷ್ಯ. 1996ರ ಮಾರ್ಚ್ ಹಾಳೆ ಈಗ ನನ್ನ ಮುಂದೇನೇ ಇದೆ, ಎಣ್ಣೆ ಕೈಯಿನ ಬೆರಳಚ್ಚು ಸಮೇತ. 12ಕ್ಕೆ "ಸಿ". 14ಕ್ಕೆ "ಅರ್ಧ ಲೀ. ಜಾಸ್ತಿ". 17ಕ್ಕೆ "ಪುಟ್ಟಿ ಕೆಳಗಿನ ಮನೆ ಬೆನ್ ಹತ್ರ ಪಾಣಿ ಅಂದ್ಲು". ಬೆನ್ ಅಂದ್ರೆ ಗುಜರಾತಿಲಿ ಅಕ್ಕ. ನಾವು ಮನೇಲಿ ನೀರು ನೀರು ಅಂತ ಕಲಿಸ್ತಾ ಇದ್ರೆ ಮಗು ಗುಜರಾತಿಲಿ ಕೇಳಿ ಕುಡಿದು ಬಂದಿದೆ. ಇದು ನನಗೆ ಮರೆತೇ ಹೋಗಿತ್ತು, ಹೆಂಡ್ತಿಗೂ.

ಮನೆ ಬದಲಾಯಿಸೋವಾಗೆಲ್ಲ ಈ ಕ್ಯಾಲೆಂಡರ್ ಕಟ್ಟಿಗೆ ನಮ್ಮಿಬ್ಬರಿಗೂ ಜಗಳ. ಬರೋಡದಲ್ಲಿ ಒಂದ್ಸಲ ನಾನೇ ಕದ್ದು 1997, 98ರದ್ದು ರದ್ದಿಗೆ ಹಾಕ್ಬಿಟ್ಟೆ. ಕಾಗದದ ತೂಕಕ್ಕೆ ಎರಡು ರೂಪಾಯಿ ಬಂದಿರ್ಬೋದು. ಆ ಎರಡು ವರ್ಷಕ್ಕೆ ಆಮೇಲೆ ನಾನು ಪಟ್ಟ ಪಾಡು ಮುಂದೆ ಹೇಳ್ತೀನಿ.

ಕೆಲ್ಸ ಹೇಗೆ ಮಾಡಿದ್ದು ಅಂದ್ರೆ, ಮೊದ್ಲು ಪ್ರಿಂಟ್ ಬಿಟ್ಟು ನೆಗೆಟಿವ್ ಹಿಡ್ಕೊಂಡೆ. ನೆಗೆಟಿವ್ ಅಂಚಲ್ಲಿ ಫ್ರೇಮ್ ನಂಬರ್ ಇರುತ್ತಲ್ಲ, ರೋಲ್ ಒಳಗಿನ ಸಾಲು ಅಲ್ಲೇ ಸಿಕ್ತು. ನಮ್ಮನೇಲಿ 36ರ ರೋಲು ಒಂದು ಹಾಕಿದ್ರೆ ಮೂರು ಹಬ್ಬ ಬರೋದು, ಸಂಕ್ರಾಂತಿ 3ನೇ ಫ್ರೇಮಲ್ಲಿ, ವರಲಕ್ಷ್ಮಿ 19ರಲ್ಲಿ, ಗೊಂಬೆ 30ರಲ್ಲಿ. ಹಬ್ಬದ ತಾರೀಖು ಕ್ಯಾಲೆಂಡರಲ್ಲಿದೆ, ಎರಡು ಹಬ್ಬದ ನಡುವೆ ಸಿಕ್ಕಿದ ಫ್ರೇಮಿಗೆ ಹೊಂದೋ ಚೌಕ ಹುಡುಕೋದು. ಖಾಲಿ ಪುಸ್ತಕದಲ್ಲಿ ಒಂದು ರೋಲಿಗೆ ಒಂದು ಪುಟ. ಕಂಪ್ಯೂಟರಲ್ಲಿ ಫೈಲ್ ಹೆಸರು ಇಸ್ವಿಯಿಂದ ಶುರು ಮಾಡ್ದೆ, ತಿಂಗಳು ಗೊತ್ತಿಲ್ದಿದ್ರೆ ಸೊನ್ನೆ ಸೊನ್ನೆ. ಮೊದಲ ನಾನೂರು ಫೋಟೋಗೆ ನಾಲ್ಕು ತಿಂಗಳು ಹಿಡೀತು, ಆಮೇಲೆ ಬಟ್ಟೆ, ಕರ್ಟನ್ನು, ಟೀವಿ ನೋಡಿನೇ ಮನೆ ಯಾವ್ದು ಅಂತ ಹೇಳೋ ಹಾಗಾದೆ.

ಚೌಕ ಖಾಲಿ ಇದ್ರೂ ಉಪಯೋಗಕ್ಕೆ ಬರುತ್ತೆ, ಇದು ನಾನೇ ಕಂಡುಹಿಡಿದಿದ್ದು ಅಂತ ಸ್ವಲ್ಪ ಜಂಬ ಇದೆ. ಪುಟ್ಟಿ ಮೊದಲು ನಡೆದಿದ್ದು ಎಲ್ಲಿ ಅಂತ ಮೂವತ್ತು ವರ್ಷದ ವಾದ ನಮ್ಮನೇಲಿ. ನಾನು ರಾಯಚೂರು ಅಂತಿದ್ದೆ, ಹೆಂಡ್ತಿ ಬರೋಡ, ಅವ್ವ ಮಂಡ್ಯದ ನಮ್ಮನೆ ಜಗಲಿ. 1995ರ ಜುಲೈ ಹಾಳೇಲಿ 9ರಿಂದ 28ರವರೆಗೆ ಹಾಲೂ ಇಲ್ಲ, "ಸಿ"ನೂ ಇಲ್ಲ, ಇಂಟೂ ಇಲ್ಲ. ಅಂದ್ರೆ ಮನೇಲಿ ಯಾರೂ ಇಲ್ಲ. ಆಗ ನಾನು ಬರೋಡದಲ್ಲಿ ಮನೆ ಹುಡುಕ್ತಿದ್ದೆ, ಇವ್ರು ಮಂಡ್ಯದಲ್ಲಿದ್ರು. 29ಕ್ಕೆ "ಹೊಸ ಮನೆ. ಪುಟ್ಟಿ ನಡ್ಕೊಂಡೇ ಒಳಗೆ ಬಂದ್ಲು" ಅಂತಿದೆ. ಮಂಡ್ಯಕ್ಕೆ ಹೋಗಿ ಅವ್ವಂಗೆ ಹಾಳೆ ತೋರಿಸ್ದೆ. "ನಾ ಯೋಳಿರ್ನಿಲ್ವೇನ್ಲಾ" ಅಂತ ಒಂದೇ ಮಾತು, ತಿರುಗಿ ಅವರೆಕಾಯಿ ಸುಲಿಯೋಕೆ ಕೂತ್ಕೊಂಡ್ಲು.

ಈಗ ರದ್ದಿಗೆ ಹಾಕಿದ ಎರಡು ವರ್ಷ. ಮಗ ಹುಟ್ಟಿದ್ದು 1998ರ ಫೆಬ್ರವರಿ, ಹೆರಿಗೆ ಮೈಸೂರಲ್ಲಿ. ಅವನ ಮೊದಲ ಹಲ್ಲು, ಮೊದಲ ಅನ್ನ, ಅಂಬೆಗಾಲು ಎಲ್ಲ ಆ ಕ್ಯಾಲೆಂಡರಲ್ಲಿ ಹೋಯ್ತು. ಇಲ್ಲಿ ಕಾಪಾಡಿದ್ದು ದಸರಾ ಗೊಂಬೆ. ಹೆಂಡ್ತಿ ತವರಿಂದ ಬಂದ ಪಟ್ಟದ ಗೊಂಬೆ ಜೊತೆಗೆ ವರ್ಷಕ್ಕೊಂದಾದ್ರೂ ಹೊಸ ಗೊಂಬೆ ಸೇರಿಸ್ಬೇಕು ಅನ್ನೋದು ಪದ್ಧತಿ, ಇವಳು ಪ್ರತಿ ಗೊಂಬೆ ತಳದಲ್ಲಿ ಪೆನ್ಸಿಲಲ್ಲಿ ಇಸ್ವಿ ಬರೀತಾಳೆ. ಬರೋಡದಲ್ಲಿ ನಮ್ಮ ಥರದ ಗೊಂಬೆ ಎಲ್ಲಿ ಸಿಗ್ಬೇಕು, ಅದಕ್ಕೆ 1996ರಲ್ಲಿ ಅಲ್ಲಿನ ನವರಾತ್ರಿಗೆ ಮಾರೋ ತೂತು ತೂತಿನ ಮಣ್ಣಿನ ಮಡಕೆ, ಗರ್ಬೋ ಅಂತಾರೆ, ಒಳಗೆ ದೀಪ ಇಡೋದು, ಅದನ್ನೇ ತಂದು ರಾಜ ರಾಣಿ ಪಕ್ಕ ಕೂರಿಸಿದ್ಲು. 1997ರಲ್ಲಿ ಮಣ್ಣಿನ ಆನೆ, 98ರಲ್ಲಿ ಚನ್ನಪಟ್ಟಣದ ತಬಲ ಬಾರಿಸೋನು, 99ರಲ್ಲಿ ಶೆಟ್ಟಿ ಶೆಟ್ಟಮ್ಮ. ಮಡಕೆ 2001ರ ಜನವರಿ 26ರ ಭೂಕಂಪದಲ್ಲಿ ಅಟ್ಟದಿಂದ ಬಿದ್ದು ಒಡೀತು. ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಸ್ವಲ್ಪ ಇತ್ತು, ಪುಟ್ಟಿ ಸ್ಕೂಲಲ್ಲಿ ಧ್ವಜಾರೋಹಣಕ್ಕೆ ಹೋಗಿದ್ಲು, ಮೂರು ಮಹಡಿ ಹೇಗಿಳಿದೆನೋ ಸ್ಕೂಲಿಗೆ ಹೇಗೆ ಓಡಿದೆನೋ ಇವತ್ತಿಗೂ ಗೊತ್ತಿಲ್ಲ. ಕ್ಯಾಲೆಂಡರಲ್ಲಿ ಅವತ್ತಿನ ಚೌಕದಲ್ಲಿ ಬರೀ "ಮಡಕೆ" ಅಂತಿದೆ.

ಸೋ, ಮಡಕೆ ಇದ್ರೆ ಆ ಫೋಟೋ 96ರಿಂದ 2000ದ ಒಳಗಿನ ದಸರಾ. ಈ ಲೆಕ್ಕದಲ್ಲಿ ಒಂದು ಫೋಟೋ ಎಲ್ಲರ ಬಾಯಿ ಮುಚ್ಚಿಸ್ತು. ಫ್ರಾಕ್ ಹಾಕಿ, ಎರಡು ಜುಟ್ಟು ಕಟ್ಟಿ, ಗೊಂಬೆ ಮೆಟ್ಟಿಲ ಮುಂದೆ ಕೂತ ಎಂಟು ತಿಂಗಳ ಮಗು. ಎಲ್ಲರೂ ಪುಟ್ಟಿ ಅಂತಲೇ ಫ್ರೇಮ್ ಹಾಕಿಸಿ ಗೋಡೆಗೆ ನೇತಾಕಿದ್ರು. ಸ್ಕ್ಯಾನ್ ದೊಡ್ಡದು ಮಾಡಿ ನೋಡಿದ್ರೆ ಮಡಕೆ ಇದೆ, ಆನೆ ಇದೆ, ತಬಲದವನಿದ್ದಾನೆ, ಶೆಟ್ಟರಿಲ್ಲ. 1998! ಪುಟ್ಟಿ ಆಗ ನಾಲ್ಕು ವರ್ಷದವಳು. ಫ್ರಾಕಲ್ಲಿ ಕೂತಿರೋದು ನನ್ನ ಮಗ. ಅಕ್ಕನ ಫ್ರಾಕ್ ಹಾಕಿ, ನಂಜನಗೂಡಲ್ಲಿ ಮುಡಿ ಕೊಡೋವರೆಗೂ ಕೂದಲು ತೆಗೀಬಾರ್ದು ಅಂತ ಜುಟ್ಟು ಕಟ್ಟಿದ್ದು. ಕೆಳಗಡೆ ಎರಡು ಹಲ್ಲು ಕಾಣುತ್ತೆ, ಅಲ್ಲಿಗೆ ಹಲ್ಲಿನ ಲೆಕ್ಕಾನೂ ಅರ್ಧ ಸಿಕ್ಕಂಗಾಯ್ತು. ಮಗ ಈಗ ಆ ಫ್ರೇಮ್ ಇಳಿಸಿ ಅಂತಾನೆ, ಅವನಿಗೆ ಹೆಣ್ಣು ನೋಡ್ತಾ ಇದೀವಿ ನೋಡಿ.

ದುಡ್ಡಿನ ವಿಷ್ಯ. ಮೊದಲು ಒಂದು ಅಂಗಡೀಲಿ ಫೋಟೋ, ಕ್ಯಾಸೆಟ್ ಎಲ್ಲ ಕಂಪ್ಯೂಟರಿಗೆ ಹಾಕಿಕೊಡೋಕೆ ನಲವತ್ತೆಂಟೋ ಐವತ್ತೋ ಸಾವಿರ ಅಂದ್ರು. ಟ್ರಯಲ್‌ಗೆ ಅಂತ ಪುಟ್ಟಿ ನಾಮಕರಣದ ಕ್ಯಾಸೆಟ್ ಕೊಟ್ಟೆ. ವಾಪಸ್ ಬಂದ ಪೆನ್‌ಡ್ರೈವಲ್ಲಿ ಅರ್ಧ ಗಂಟೆ ನಮ್ಮದು, ಆಮೇಲೆ ಯಾರದೋ ಮದುವೇಲಿ ಧಾರೆ ನಡೀತಿದೆ. ಅವರಿಗೆ ನಮ್ಮ ತೊಟ್ಟಿಲು ಶಾಸ್ತ್ರ ಹೋಗಿರ್ಬೇಕು. ಅಲ್ಲಿಗೆ ನಾನೇ ಮಾಡ್ತೀನಿ ಅಂತ ಇಳಿದೆ. ವಿಡಿಯೋ ಕ್ಯಾಸೆಟ್ ಓಡಿಸೋ ಹೊಸ ವಿಸಿಆರ್ ಸಿಗಲ್ಲ, ಕೊನೇ ತನಕ ಮಾಡ್ತಿದ್ದ ಜಪಾನಿನ ಫುನೈ ಕಂಪನೀನೂ 2016ರ ಜುಲೈನಲ್ಲಿ ನಿಲ್ಲಿಸ್ತು. ಗುಜರಿಯಿಂದ 1,800ಕ್ಕೆ ತಂದದ್ದು ಎರಡನೇ ಕ್ಯಾಸೆಟ್ಟೇ ನುಂಗ್ತು. ಬೆಂಗಳೂರು ಎಸ್‌ಪಿ ರೋಡಲ್ಲಿ 3,500 ಕೊಟ್ಟು ಇನ್ನೊಂದು. ವಿಸಿಆರನ್ನ ಕಂಪ್ಯೂಟರಿಗೆ ಜೋಡಿಸೋ 450 ರೂಪಾಯಿ ಯುಎಸ್‌ಬಿ ಡಬ್ಬೀಲಿ ಚಿತ್ರ ಮುಂದೆ, ಮಾತು ಹಿಂದೆ, ಪುರೋಹಿತರು ಬಾಯಿ ಮುಚ್ಚಿದ ಮೇಲೆ ಮಂತ್ರ ಬರೋದು. ಒಳ್ಳೇದು ಮೂರು ಸಾವಿರ ಆಯ್ತು. ನೆಗೆಟಿವ್ ಹೋಲ್ಡರ್ ಇರೋ ಎಪ್ಸನ್ ಫ್ಲಾಟ್‌ಬೆಡ್ ಸ್ಕ್ಯಾನರ್ ಸೆಕೆಂಡ್ ಹ್ಯಾಂಡ್ ಒಂಬತ್ತು ಸಾವಿರ, ಎರಡು ಹಾರ್ಡ್‌ಡಿಸ್ಕು, ಚಿಲ್ಲರೆ ಪಲ್ಲರೆ, ಎಲ್ಲ ಸೇರಿ ಇಪ್ಪತ್ನಾಲ್ಕು ಸಾವಿರದ ಹತ್ರ. ಹೆಂಡ್ತಿಗೆ ಹದಿನೈದು ಅಂತ ಹೇಳಿದೀನಿ.

ವಿಸಿಆರ್ ಒಳಗೆ ಟೇಪ್ ಓದೋ ಹೆಡ್ ಒರೆಸೋರು ಅಡ್ಡಡ್ಡ ಮಾತ್ರ ಒರೆಸಿ, ಮೇಲೆ ಕೆಳಗೆ ಎಳೆದ್ರೆ ಹೆಡ್ ಮುರಿಯುತ್ತೆ, 1,800ದ್ದು ಸತ್ತಿದ್ದಕ್ಕೆ ನನ್ನ ಕೈಯೂ ಒಂದು ಕಾರಣ. ಬೂಸ್ಟು ಹಿಡಿದ ಮೂರು ಕ್ಯಾಸೆಟ್ ನಾನು ಹೇಗೆ ಕ್ಲೀನ್ ಮಾಡಿದೆ ಅನ್ನೋದನ್ನ ಮಾತ್ರ ಹೇಳಲ್ಲ, ಎರಡು ಕ್ಯಾಸೆಟ್ ಬಲಿ ಕೊಟ್ಟು ಕಲಿತಿದ್ದು. ಬೇಕಾದೋರು ಮನೆಗೆ ಬನ್ನಿ, ಕಾಫಿ ಕೊಟ್ಟು ತೋರಿಸ್ತೀನಿ.

ಅಂಟು ಹಾಳೆ ಆಲ್ಬಮ್ಮಿನ ಫೋಟೋ ಕಿತ್ತು ಬರ್ದೇ ಇದ್ದಾಗ ಡೆಂಟಲ್ ಫ್ಲಾಸ್ ದಾರ ಕೆಳಗೆ ತೂರಿಸಿ ನಿಧಾನ ಗರಗಸದ ಥರ ಎಳೆದ್ರೆ ಬರುತ್ತೆ. ಅದಕ್ಕೂ ಮುಂಚೆ ತಟ್ಟೆ ನೀರಲ್ಲಿ ನೆನೆಸಿ ನೋಡಿದ್ದೆ, ಒಂದು ಚೆನ್ನಾಗಿ ಬಂತು, ಇನ್ನೊಂದರಲ್ಲಿ ನಮ್ಮ ದೊಡ್ಡ ಭಾವನ ಮುಖ ಬಿಟ್ಕೊಂಡು ನೀರಲ್ಲಿ ತೇಲ್ತು. ನೆಗೆಟಿವ್ ಇತ್ತು, ಬಚಾವಾದೆ.

ಆಡಿಯೋ ಕ್ಯಾಸೆಟ್ಟು ಕೊನೆಗೆ ಮುಟ್ಟಿದ್ದು. ಆಗ ಎಸ್‌ಟಿಡಿ ದುಬಾರಿ, ರಾತ್ರಿ ರೇಟ್ ಇಳಿದ ಮೇಲೆ ಬೂತ್ ಮುಂದೆ ಕ್ಯೂ. ಅಪ್ಪ ಅದಕ್ಕೆ ಮಾತೆಲ್ಲ ರೆಕಾರ್ಡ್ ಮಾಡಿ ಪೋಸ್ಟಲ್ಲಿ ಕಳಿಸೋನು, ಯಾವ್ದೋ ಸಿನಿಮಾ ಹಾಡಿನ ಕ್ಯಾಸೆಟ್ ಮೇಲೆ, ಮತ್ತೆ ರೆಕಾರ್ಡ್ ಆಗ್ಲಿ ಅಂತ ಮೂಲೆ ತೂತಿಗೆ ಟೇಪ್ ಅಂಟಿಸಿ. ಒಂದರಲ್ಲಿ ರೀಲನ್ನ ಹೆಡ್ಡಿಗೆ ಒತ್ತಿ ಹಿಡಿಯೋ ಫೆಲ್ಟ್ ತುಂಡು ಉದುರಿ ಮಾತೆಲ್ಲ ಬಾವಿಯಿಂದ ಬಂದಂಗೆ. ಬೇರೆ ಡಬ್ಬಿಗೆ ರೀಲು ಬದಲಾಯಿಸಿ ಹಾಕ್ದೆ. ಅಪ್ಪ ಹೇಳ್ತಾನೆ, ಕಟ್ಟೆಗೆ ನೀರು ಬತ್ತಾ ಐತೆ, ನಾಲೆಗೆ ಇನ್ನೂ ಬಿಟ್ಟಿಲ್ಲ, ಈ ಸಲ ಎರಡು ಆಷಾಢ ಬಂದು ಮದುವೆ ಗಿದುವೆ ಒಂದೂ ಇಲ್ಲ, ಊಟ ಇಲ್ದೆ ನಿಮ್ಮವ್ವನ ಮುದ್ದೆನೇ ಗತಿ. ಹಿಂದೆ ಕುಕ್ಕರ್ ಕೂಗುತ್ತೆ, ಅಪ್ಪ ಮಾತು ನಿಲ್ಲಿಸಿ "ಮೂರು" ಅಂತ ಎಣಿಸ್ತಾನೆ. ಎರಡು ಆಷಾಢ ಅಂದ್ಮೇಲೆ ಹುಡುಕೋದೇನು, ಅಧಿಕ ಆಷಾಢ ಬಂದಿದ್ದು 1996ರಲ್ಲಿ, ಮತ್ತೆ ಬಂದಿದ್ದು 2015ರಲ್ಲಿ, ಅಷ್ಟೊತ್ತಿಗೆ ಅಪ್ಪ ಇರ್ಲಿಲ್ಲ. ಕ್ಯಾಲೆಂಡರ್ ತೆಗೆದ್ರೆ 1996ರ ಜುಲೈ 23ಕ್ಕೆ "ಮಾವನ ಕ್ಯಾಸೆಟ್ ಬಂತು. ಪುಟ್ಟಿ ಟೇಪ್‌ರೆಕಾರ್ಡರ್ ಹಿಂದೆ ತಾತನ್ನ ಹುಡುಕಿದ್ಲು" ಅಂತಿದೆ. ಆ ಫೈಲ್ ಹೆಸರಲ್ಲಿ ತಾರೀಖು ಟೈಪ್ ಮಾಡೋವಾಗ ಎರಡು ಸಲ ತಪ್ಪು ಮಾಡ್ದೆ.

ಈಗ 2,800ರಲ್ಲಿ ಇನ್ನೂರು ಮುನ್ನೂರು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಇಸ್ವಿ ಇದೆ, ಅರ್ಧಕ್ಕಿಂತ ಜಾಸ್ತಿಗೆ ತಿಂಗಳೂ ಇದೆ. ಇದೆಲ್ಲ ಯಾಕೆ ಅಂತಿದ್ದ ಭಾಮೈದ ಹೋದ ತಿಂಗಳು ತನ್ನ ಟ್ರಂಕ್ ತಂದು ನಮ್ಮ ಹಾಲಲ್ಲಿ ಇಳಿಸಿ ಹೋಗಿದ್ದಾನೆ, ಕ್ಯಾಲೆಂಡರ್ ಎಲ್ಲೋ ಅಂದ್ರೆ ನಮ್ಮನೇಲಿ ಯಾರೂ ಬರೀತಿರ್ಲಿಲ್ಲ ಭಾವ ಅಂತಾನೆ. ಅದು ಹಾಗೇ ಬಿದ್ದಿದೆ.

ನನ್ನದರಲ್ಲಿ ಒಂದೇ ಬಾಕಿ, ನಾಗಪುರದಲ್ಲಿ ಸಹೋದ್ಯೋಗಿಯ ಹ್ಯಾಂಡಿಕ್ಯಾಮ್ ಇಸ್ಕೊಂಡು ತೆಗೆದ ಒಂದು ಸಣ್ಣ ವಿಡಿಯೋ-8 ಕ್ಯಾಸೆಟ್. ವಿಸಿಆರ್‌ಗೆ ಕೂರಲ್ಲ. ಮೈಸೂರು ಮಂಡ್ಯ ಕಡೆ ಯಾರ ಹತ್ರಾದ್ರೂ ಓಡೋ ಕ್ಯಾಮೆರಾ ಇದ್ರೆ ಹೇಳಿ, ಎರಡು ದಿನಕ್ಕೆ ಬಾಡಿಗೆ ಕೊಟ್ಟು ತಗೋತೀನಿ. ಹಾಲು ಸಿಲಿಂಡರ್ ಒಂದೂ ಬಿಡದೆ ಬರೆದಿಟ್ಟ ನನ್ನ ಹೆಂಡ್ತಿ ಆ ಕ್ಯಾಸೆಟ್ ಮೇಲೆ ಮಾತ್ರ "ಯಾವ್ದೋ" ಅಂತ ಬರೆದಿದ್ದಾಳೆ.