ಕೊಟ್ಟಿಗೆ ಬಾಗಿಲಲ್ಲೇ ಗೊತ್ತಾಗುವ ಧನುರ್ವಾಯು

"ಸಾರ್, ಹಸುಗೆ ಹೊಟ್ಟೆ ಉಬ್ಬೈತೆ, ಮೆಲುಕು ಹಾಕ್ತಿಲ್ಲ." ನನ್ನಂಥ ಹಳ್ಳಿ ಪಶುವೈದ್ಯರ ಹತ್ತಿರ ಧನುರ್ವಾಯು ಬರುವುದು ಹೆಚ್ಚಾಗಿ ಈ ಮಾತಿನಲ್ಲೇ. ಅಷ್ಟರಲ್ಲಿ ಮನೆಯವರು ಎಣ್ಣೆ ಕುಡಿಸಲು ಹೋಗಿ, ಬಾಯಿ ಬಿಡುತ್ತಿಲ್ಲವೆಂದು ಸುಮ್ಮನಾಗಿರುತ್ತಾರೆ. ಸುಮ್ಮನಾದದ್ದೇ ಒಳ್ಳೆಯದು. ನುಂಗಲಾರದ ದನಕ್ಕೆ ಕುಡಿಸಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ.

ಉಬ್ಬರ ಎಂದರೂ ನಾನು ಮೊದಲು ಬಾಗಿಲಲ್ಲೇ ನಿಂತು ನೋಡುತ್ತೇನೆ. ಧನುರ್ವಾಯು ಹಿಡಿದ ಹಸು ಕಾಲು ಅಗಲಿಸಿ ಪಟ್ಟದ ಗೊಂಬೆಯ ಹಾಗೆ ನಿಂತಿರುತ್ತದೆ. ಕಿವಿ ಸೆಟೆದಿರುತ್ತದೆ, ಬಾಲದ ಬುಡ ಎತ್ತಿಕೊಂಡಿರುತ್ತದೆ. ಕರೆದರೆ ಕತ್ತು ಹೊರಳಿಸಲಾಗದೆ ಇಡೀ ಮೈಯನ್ನೇ ತಿರುಗಿಸುತ್ತದೆ. ಆಮೇಲೆ ಒಂದು ಚಪ್ಪಾಳೆ, ಒಂದೇ. ಬೆಚ್ಚಿದಾಗ ಕಣ್ಣಿನ ಒಳಮೂಲೆಯಿಂದ ಮೂರನೇ ರೆಪ್ಪೆ ಛಕ್ಕನೆ ಮುಂದೆ ಬಂದರೆ ನನ್ನ ಅನುಮಾನ ಮುಕ್ಕಾಲು ತೀರಿತು. ಮತ್ತೆ ಮತ್ತೆ ಬೆಚ್ಚಿಸಿದರೆ ಸೆಳೆತ ಹೆಚ್ಚುತ್ತದೆ.

ದವಡೆ ನೋಡಲು ಬರಿಗೈ ಹಾಕುವುದಿಲ್ಲ. ಹುಚ್ಚುನಾಯಿ ಕಚ್ಚಿದ ದನ ನಮ್ಮ ಕಡೆ ಅಪರೂಪವೇನಲ್ಲ, ಜೊಲ್ಲು ರೇಬಿಸ್, ಧನುರ್ವಾಯು ಎರಡರಲ್ಲೂ ಸುರಿಯಬಹುದು. ರೇಬಿಸ್‌ನಲ್ಲಿ ದನಿ ಒಡೆದು ಕೂಗುತ್ತದೆ, ಹಿಂಗಾಲು ತೂರಾಡುತ್ತದೆ, ಸ್ವಭಾವವೇ ಬದಲಾಗುತ್ತದೆ. ಧನುರ್ವಾಯುವಿನ ಹಸುವಿಗೆ ಪ್ರಜ್ಞೆ ಚೆನ್ನಾಗಿರುತ್ತದೆ. ಹುಲ್ಲು ಹಾಕಿದರೆ ಮೂಸಿ, ತಿನ್ನಲು ನೋಡುತ್ತದೆ. ಅನುಮಾನ ಉಳಿದರೆ ರೇಬಿಸ್ ಎಂದೇ ಭಾವಿಸಿ ಗ್ಲೌಸ್ ಹಾಕಿಕೊಳ್ಳುತ್ತೇನೆ.

ಇನ್ನು ಗಾಯ. "ಏನೂ ಆಗಿಲ್ಲ ಸಾರ್" ಎನ್ನುತ್ತಾರೆ. ಹಾಗಾಗಿ ಗಾಯದ ಮಾತೇ ಎತ್ತದೆ ಕೇಳುತ್ತೇನೆ: ಕರು ಹಾಕಿ ಎಷ್ಟು ದಿನ ಆಯ್ತು? ಕಸ (ಮಾಸು) ಕೈ ಹಾಕಿ ತೆಗೆಸಿದ್ರಾ? ಮೂಗುದಾರ ಹೊಸದಾ? ಎತ್ತಿಗೆ ಲಾಳ ಕಟ್ಟಿಸಿದ್ರಾ? ಟಗರಿನ ಬೀಜ ಒಡೆಸಿದ್ರಾ? ಉತ್ತರ ಇಲ್ಲೇ ಎಲ್ಲೋ ಸಿಗುತ್ತದೆ. ಮಣ್ಣು, ಸಗಣಿಯಲ್ಲಿರುವ ಈ ರೋಗಾಣುವಿನ ಬೀಜಕಣ ಗಾಳಿಯಾಡದ ಆಳದ ಗಾಯದಲ್ಲಿ ಮೊಳೆತು ವಿಷ ಬಿಡುತ್ತದೆ. ಲಕ್ಷಣ ಕಾಣಲು ಸಾಮಾನ್ಯವಾಗಿ 3 ದಿನದಿಂದ 3 ವಾರ ಹಿಡಿಯುವುದರಿಂದ ಗಾಯ ಆಗಲೇ ಮಾಯ್ದಿರಬಹುದು. ರಕ್ತ ಪರೀಕ್ಷೆ ಇದನ್ನು ಹಿಡಿದುಕೊಡುವುದಿಲ್ಲ. ಲ್ಯಾಬ್ ಕಡೆ ಮುಖ ಮಾಡಿ ಕಾಯುವುದು ಹೊತ್ತು ಕಳೆದಂತೆ.

ಇದೇ ಕುಲದ ರೋಗಾಣುವಿನಿಂದ ಬರುವ ಚಪ್ಪೆ ರೋಗ ಬೇರೆಯೇ ರೀತಿ. ಮಳೆ ಶುರುವಾದ ಮೇಲೆ, 6 ತಿಂಗಳಿಂದ 2 ವರ್ಷದ ಕೊಬ್ಬಿದ ಪಡ್ಡೆ ಒಂದೇ ಸಲ ಕುಂಟುತ್ತದೆ, ಮೈ ಸುಡುತ್ತದೆ, ತೊಡೆಯ ಊತ ಒತ್ತಿದರೆ ಚರಚರ ಎನ್ನುತ್ತದೆ. ಧನುರ್ವಾಯುವಿನಲ್ಲಿ ಮೊದಮೊದಲು ಜ್ವರವೇ ಇರುವುದಿಲ್ಲ. ಇನ್ನೊಂದು ದಾಯಾದಿ ಬೊಟುಲಿಸಂ. ಹಳೇ ಮೂಳೆ ಕಡಿಯುವ ದನಕ್ಕೆ ಬರುವುದು. ಅಲ್ಲಿ ಮೈ ಸೆಟೆಯುವುದಿಲ್ಲ, ಸಡಿಲವಾಗಿ ಕುಸಿಯುತ್ತದೆ, ನಾಲಿಗೆ ಜೋತುಬೀಳುತ್ತದೆ.

ಗಾಯ ಬಿಡಿಸಿ ತೊಳೆದು, ಪೆನಿಸಿಲಿನ್ ಕೊಟ್ಟು, ವಿಷ ತಡೆಯುವ ಮದ್ದು ಆಂಟಿಟಾಕ್ಸಿನ್ ಸಿಕ್ಕರೆ ಅದನ್ನೂ ಕೊಡುತ್ತೇನೆ. ನರಕ್ಕೆ ಆಗಲೇ ಅಂಟಿದ ವಿಷವನ್ನು ಅದು ಬಿಡಿಸಲಾರದು. ಕತ್ತಲೆ ಕೋಣೆ, ಸದ್ದಿಲ್ಲದ ಮನೆ, ಸೆಳೆತಕ್ಕೆ ಔಷಧಿ. ನಿಂತಿರುವ ಹಸುವನ್ನು ನಾನು ಕೈಬಿಡುವುದಿಲ್ಲ. ಮಗ್ಗುಲಿಗೆ ಬಿದ್ದು ಏಳಲಾರದ ಮೇಲೆ ಮನೆಯವರಿಗೆ ಇದ್ದದ್ದನ್ನು ಹೇಳಿಬಿಡುತ್ತೇನೆ.