ಒಂದೇ ಹಳಿ, ಎರಡು ಬಗೆಯ ರೈಲು: ಕವಲು ಮಾರ್ಗ ನಡೆಸುವುದು ಹೇಗೆ?

ಮೈಸೂರು–ಚಾಮರಾಜನಗರ ಮಾರ್ಗ 61 ಕಿ.ಮೀ. ಅಶೋಕಪುರಂ, ಕಡಕೊಳ, ನಂಜನಗೂಡು ದಾಟಿ ಚಾಮರಾಜನಗರದಲ್ಲಿ ಹಳಿ ಮುಗಿಯುತ್ತದೆ. ಮೈಸೂರು ಬಿಟ್ಟ ಮೇಲೆ ಹೋಗುವುದಕ್ಕೂ ಬರುವುದಕ್ಕೂ ಇರುವುದು ಒಂದೇ ಹಳಿ. ಪ್ಯಾಸೆಂಜರ್, ತಿರುಪತಿ ಎಕ್ಸ್‌ಪ್ರೆಸ್, ಕಡಕೊಳದ ಕಂಟೇನರ್ ಗೂಡ್ಸ್ ಎಲ್ಲವೂ ಅದರಲ್ಲೇ ಓಡಬೇಕು. ಇಂಥ ಮಾರ್ಗ ನಡೆಸುವವರು ಯಾವ ಹೊತ್ತಿನಲ್ಲೂ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಮುಂದಿನ ಸ್ಟೇಷನ್‌ವರೆಗೆ ಹಳಿ ನಿಜಕ್ಕೂ ಖಾಲಿ ಇದೆಯೇ?

ಮೊದಲು ಲೈನ್ ಕ್ಲಿಯರ್

ರೈಲು ಬಿಡುವ ಮುನ್ನ ಸ್ಟೇಷನ್ ಮಾಸ್ಟರ್ ಮುಂದಿನ ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ‘ಹಳಿ ಖಾಲಿ ಇದೆ, ರೈಲು ಬಿಡಿ’ ಎಂಬ ಒಪ್ಪಿಗೆ, ಕೇಳಿ ಪಡೆಯುತ್ತಾರೆ. ಎರಡೂ ಕಡೆಯ ಬ್ಲಾಕ್ ಯಂತ್ರ (ಈ ಒಪ್ಪಿಗೆಯನ್ನು ದಾಖಲಿಸುವ ಜೋಡಿ ಯಂತ್ರ) ಒಪ್ಪಿದ ಮೇಲೆಯೇ ಸ್ಟೇಷನ್ ಬಿಡುವ ಕೊನೆಯ ಸಿಗ್ನಲ್ ಬಿಡಲು ಬರುತ್ತದೆ. ಹಿಂದೆ ಹೆಚ್ಚಿನ ಕಡೆ ನೀಲ್ಸ್ ಟೋಕನ್ ಯಂತ್ರವಿತ್ತು. ಅದರಿಂದ ಹೊರಬರುವುದು ಮುಷ್ಟಿಯಲ್ಲಿ ಹಿಡಿಯುವಂಥ ಉಕ್ಕಿನ ಗುಂಡು; ಮೈಮೇಲೆ ಎರಡು ಸ್ಟೇಷನ್‌ಗಳ ಸಂಕೇತ ಮತ್ತು ಕ್ರಮಸಂಖ್ಯೆ ಕೊರೆದಿರುತ್ತದೆ. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬಳೆಯಂಥ ಹಿಡಿಕೆಗೆ ಕಟ್ಟಿ ಎಂಜಿನ್‌ಗೆ ಕೊಡುತ್ತಿದ್ದರು. ಒಂದು ಗುಂಡು ಹೊರಗಿದ್ದರೆ ಎರಡೂ ಕಡೆಯ ಯಂತ್ರದಿಂದ ಇನ್ನೊಂದು ಬರುವುದಿಲ್ಲ. ಈಗ ವಿದ್ಯುತ್ ಬೀಗ ಅದೇ ಕೆಲಸ ಮಾಡುತ್ತದೆ.

ರೈಲು ಬಂದು ತಲುಪಿದಾಗ ಕೊನೆಯ ಬೋಗಿಯ ಹಿಂದೆ ‘ಎಲ್‌ವಿ’ (ಲಾಸ್ಟ್ ವೆಹಿಕಲ್, ಕೊನೆಯ ಬೋಗಿ) ಫಲಕ, ರಾತ್ರಿಯಾದರೆ ಕೆಂಪು ದೀಪ, ಕಣ್ಣಿಗೆ ಬೀಳಲೇಬೇಕು. ಕಾಣದಿದ್ದರೆ ಹಳಿ ಖಾಲಿ ಎಂದು ಹೇಳುವಂತಿಲ್ಲ. ಕೊಂಡಿ ಕಳಚಿ ನಾಲ್ಕು ವ್ಯಾಗನ್ ನಡುದಾರಿಯಲ್ಲೇ ಉಳಿದಿರಬಹುದು. ಎಷ್ಟೇ ತಡವಾದರೂ ಈ ಒಂದು ನೋಟ ತಪ್ಪಿಸಬಾರದು.

ಗೂಡ್ಸ್‌ಗೆ ಜಾಗ ಹುಡುಕುವುದು

ಲೆಕ್ಕ ಹೀಗೆ: ಎರಡು ಸ್ಟೇಷನ್ ನಡುವೆ 10 ಕಿ.ಮೀ. ಇದ್ದು, ಗೂಡ್ಸ್ ಸರಾಸರಿ 40 ಕಿ.ಮೀ. ವೇಗದಲ್ಲಿ ಹೋದರೆ 15 ನಿಮಿಷ. ಹೊರಟು ವೇಗ ಹಿಡಿಯಲು, ನಿಲ್ಲಲು, ಲೈನ್ ಕ್ಲಿಯರ್‌ಗೆ ಇನ್ನೊಂದು ಏಳೆಂಟು ನಿಮಿಷ ಸೇರಿಸಿ. ಎದುರಿನ ಪ್ಯಾಸೆಂಜರ್ 20 ನಿಮಿಷದಲ್ಲಿ ಬರುವುದಿದ್ದರೆ ಗೂಡ್ಸ್ ಬಿಡದಿರುವುದೇ ಸರಿ. ಹುಣ್ಣಿಮೆ, ಜಾತ್ರೆಯ ದಿನ ನಂಜನಗೂಡಿನಲ್ಲಿ ಜನ ಹತ್ತಿಳಿಯಲು ಹೆಚ್ಚು ಹೊತ್ತು ಬೇಕು. ಆ ದಿನಗಳ ಲೆಕ್ಕವನ್ನು ವೇಳಾಪಟ್ಟಿ ನೋಡಿ ಮಾಡಿದರೆ ಕೈಕೊಡುತ್ತದೆ.

ಎದುರುಬದುರು ರೈಲುಗಳು ದಾಟಿಕೊಳ್ಳುವ ಕ್ರಾಸಿಂಗ್‌ನಲ್ಲಿ ಗೂಡ್ಸ್ ಅನ್ನು ಲೂಪ್ ಲೈನಿಗೆ (ಮೇನ್ ಲೈನಿನಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿ) ತೆಗೆದುಕೊಂಡು, ಮೇನ್ ಲೈನನ್ನು ಪ್ಯಾಸೆಂಜರ್‌ಗೆ ಬಿಡುವುದು ವಾಡಿಕೆ. ಪೂರ್ಣ ಉದ್ದದ ಲೂಪ್ 686 ಮೀಟರ್. 58 ಬಾಕ್ಸ್‌ಎನ್ (ಮೇಲ್ಛಾವಣಿ ಇಲ್ಲದ) ವ್ಯಾಗನ್‌ಗಳೇ 620 ಮೀಟರ್ ದಾಟುತ್ತವೆ. ಎಂಜಿನ್, ಬ್ರೇಕ್ ವ್ಯಾನ್ ಸೇರಿದರೆ ಉಳಿಯುವ ಜಾಗ ತೀರಾ ಕಡಿಮೆ. ಲೋಕೋ ಪೈಲಟ್ ಲೂಪಿನ ಮುಂದಿನ ತುದಿಯ ಸ್ಟಾರ್ಟರ್ ಸಿಗ್ನಲ್‌ವರೆಗೆ ಬಾರದೆ ಹಿಂದೆಯೇ ನಿಲ್ಲಿಸಿದರೆ ಬಾಲ ಫೌಲಿಂಗ್ ಮಾರ್ಕ್ (ಎರಡು ಹಳಿ ಕೂಡುವಲ್ಲಿ ರೈಲು ಮೀರಿ ನಿಲ್ಲಬಾರದ ಗುರುತು) ಆಚೆ ಉಳಿದು, ಪ್ಯಾಸೆಂಜರ್ ಒಳಬರುವ ದಾರಿ ಕಟ್ಟಿಹೋಗುತ್ತದೆ.

ಕೊನೆಯ ಸ್ಟೇಷನ್‌ನಲ್ಲಿ

ಡೆಮುಗೆ (ಬೇರೆ ಎಂಜಿನ್ ಬೇಡದ ಡೀಸೆಲ್ ರೈಲು) ಎರಡೂ ತುದಿಯಲ್ಲಿ ಚಾಲಕರ ಕ್ಯಾಬ್ ಇದೆ, ತೊಂದರೆಯಿಲ್ಲ. ಎಂಜಿನ್ ಎಳೆಯುವ ರೈಲಿಗೆ ಎಂಜಿನ್ ಅನ್ನು ಈ ತುದಿಯಿಂದ ಆಚೆ ತುದಿಗೆ ಬದಲಿಸಬೇಕು. ಮೊದಲು ಬೋಗಿಗಳ ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್, ಬೋಗಿ ಎರಡೂ ಬದಿಯ ಆಂಗಲ್ ಕಾಕ್ (ಬ್ರೇಕ್ ಗಾಳಿಯ ಪೈಪಿನ ತುದಿಯ ನಲ್ಲಿ) ಮುಚ್ಚಿ, ಆಮೇಲೆ ಹೋಸ್ ಪೈಪ್ ಬಿಚ್ಚಿ, ಕೊನೆಗೆ ಕೊಂಡಿ ಕಳಚಬೇಕು. ಕಾಕ್ ಮುಚ್ಚದೆ ಹೋಸ್ ಬಿಚ್ಚಿದರೆ ಒಳಗಿನ ಗಾಳಿಯ ರಭಸಕ್ಕೆ ಅದು ಚಾಟಿಯಂತೆ ಬಂದು ಬಡಿಯುತ್ತದೆ. ಎಂಜಿನ್ ಲೂಪಿನಲ್ಲಿ ಸುತ್ತಿ ಆಚೆ ತುದಿಗೆ ಸೇರಿದ ಮೇಲೆ ಬ್ರೇಕ್ ಪೈಪ್‌ನಲ್ಲಿ ಗಾಳಿ ಚದರ ಸೆಂ.ಮೀ.ಗೆ 5 ಕೆ.ಜಿ. ಏರಬೇಕು. ಹಿಂದಿನ ತುದಿಯಲ್ಲಿ ಗಾರ್ಡ್ (2022ರಿಂದ ಟ್ರೈನ್ ಮ್ಯಾನೇಜರ್) ಒತ್ತಡ ಇಳಿಸಿದಾಗ ಎಂಜಿನ್‌ನ ಗೇಜ್‌ನಲ್ಲೂ ಮುಳ್ಳು ಇಳಿಯಬೇಕು. ಇಳಿಯದಿದ್ದರೆ ನಡುವೆ ಎಲ್ಲೋ ಒಂದು ಕಾಕ್ ಮುಚ್ಚಿಯೇ ಇದೆ. ಅದರಾಚೆಯ ಬೋಗಿಗಳಿಗೆ ಎಂಜಿನ್‌ನ ಬ್ರೇಕ್ ತಲುಪದು.

ರೇಕ್ ರಾತ್ರಿ ನಿಲ್ಲುವುದಾದರೆ

ಗೂಡ್ಸ್ ಶೆಡ್‌ನಲ್ಲಿ ನಿಗದಿತ ಅವಧಿಯೊಳಗೆ ಮಾಲು ಇಳಿಸದಿದ್ದರೆ ವ್ಯಾಗನ್‌ಗೆ ಗಂಟೆ ಲೆಕ್ಕದಲ್ಲಿ ಡೆಮರೇಜ್ (ತಡದ ಶುಲ್ಕ) ಬೀಳುತ್ತದೆ. ಎಂಜಿನ್ ಹೊರಟು ರೇಕ್ (ಜೋಡಿಸಿದ ವ್ಯಾಗನ್ ಸಾಲು) ಒಂದೇ ಉಳಿದರೆ ಇನ್ನೂ ದೊಡ್ಡ ಚಿಂತೆ ಅದು ಉರುಳದಂತೆ ಹಿಡಿಯುವುದು. 400ಕ್ಕೆ 1ರ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ರೋಲರ್ ಬೇರಿಂಗ್ ಚಕ್ರಕ್ಕೆ ಅಷ್ಟು ಸಾಕಾಗಬಹುದು. ಎರಡೂ ತುದಿಯಿಂದ ಕನಿಷ್ಠ ಆರಾರು ವ್ಯಾಗನ್‌ಗಳ ಹ್ಯಾಂಡ್ ಬ್ರೇಕ್ ಬಿಗಿದು, ತುದಿಯ ಚಕ್ರಗಳಿಗೆ ಮರದ ಆಪು ಕೊಟ್ಟು, ಸರಪಳಿಯಿಂದ ಹಳಿಗೆ ಕಟ್ಟಿ ಬೀಗ ಹಾಕಬೇಕು. ಮರುದಿನ ಎಂಜಿನ್ ಸೇರಿ, ಗಾಳಿ ತುಂಬಿದ ನಂತರವೇ ಇವನ್ನು ತೆಗೆಯಬೇಕು. ಒಂದು ಹ್ಯಾಂಡ್ ಬ್ರೇಕ್ ಬಿಚ್ಚಲು ಮರೆತರೂ ಆ ಚಕ್ರ ಉರುಳದೆ ಹಳಿಯ ಮೇಲೆ ಉಜ್ಜಿಕೊಂಡೇ ಹೋಗಿ ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಆ ವ್ಯಾಗನ್ ಹೋದಲ್ಲೆಲ್ಲ ಹಳಿಗೆ ಸುತ್ತಿಗೆಯ ಏಟು.